ಕಲಿಯುತ್ತಿದ್ದ ಯಂತ್ರ ನಡುವೆ ಕುಸಿಯುವುದೇಕೆ?

ಬೆಕ್ಕಿನ ಚಿತ್ರ ಯಾವುದು, ನಾಯಿಯ ಚಿತ್ರ ಯಾವುದು ಎಂದು ಕಂಪ್ಯೂಟರಿಗೆ ಕಲಿಸುವ ಎಂಜಿನಿಯರ್ ರಾತ್ರಿ ಪ್ರೋಗ್ರಾಮನ್ನು ಓಡಲು ಬಿಟ್ಟು ಬಹುಮಟ್ಟಿಗೆ ನಿಶ್ಚಿಂತೆಯಿಂದ ಮಲಗಬಹುದು. ಬೆಳಿಗ್ಗೆ ಎದ್ದು ನೋಡಿದರೆ ತಪ್ಪಿನ ಪ್ರಮಾಣ ಇಳಿದಿರುತ್ತದೆ, ಇಲ್ಲವೇ ಇದ್ದಲ್ಲೇ ಇರುತ್ತದೆ. ಆಟವಾಡಲು, ರೋಬಾಟ್ ನಡೆಸಲು ಕಲಿಸುವವರಿಗೆ ಈ ಭಾಗ್ಯವಿಲ್ಲ. ಸಂಜೆಯವರೆಗೆ ಚೆನ್ನಾಗಿ ಏರುತ್ತಿದ್ದ ಗ್ರಾಫ್ ನಡುರಾತ್ರಿ ಯಾವ ಕಾರಣವೂ ಕಾಣದೆ ತಳ ಸೇರಿರುತ್ತದೆ. ಅದೇ ಪ್ರೋಗ್ರಾಮನ್ನು ಒಂದಕ್ಷರವೂ ಬದಲಿಸದೆ ಮತ್ತೆ ಓಡಿಸಿದರೆ ಅದು ಗೆದ್ದೂ ಬಿಡಬಹುದು. ಎರಡು ಓಟಗಳ ನಡುವೆ ಬೇರೆಯಾಗಿದ್ದು ಆರಂಭದಲ್ಲಿ ಕೊಟ್ಟ ರ್ಯಾಂಡಮ್ ಸಂಖ್ಯೆ, ಅಂದರೆ ಸೀಡ್, ಒಂದೇ.

ಪ್ರಯತ್ನಿಸಿ, ಸಿಕ್ಕ ಬಹುಮಾನ ನೋಡಿ, ಮುಂದಿನ ನಡೆ ತಿದ್ದಿಕೊಳ್ಳುವ ಕಲಿಕೆಗೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಎನ್ನುತ್ತಾರೆ. ಈ ಕ್ಷೇತ್ರದವರ ಬಾಯಲ್ಲಿ ಅದು ಆರ್‌ಎಲ್. ಅದರೊಳಗೆ ದೊಡ್ಡ ನ್ಯೂರಲ್ ನೆಟ್‌ವರ್ಕ್ ಕೂರಿಸಿದರೆ ಡೀಪ್ ಆರ್‌ಎಲ್. ಗೋ ಆಟದ ಲೀ ಸೆಡೋಲ್‌ರನ್ನು 2016ರಲ್ಲಿ 4–1ರಿಂದ ಸೋಲಿಸಿದ ಆಲ್ಫಾಗೋದಲ್ಲಿ ಇದ್ದದ್ದು ಇದು. ಇಂದಿನ ಚಾಟ್‌ಬಾಟ್‌ಗಳಿಗೆ ಕೊನೆಯ ಹದ ಕೊಡುವುದೂ ಇದೇ. ಇಷ್ಟು ಸಾಧಿಸಿದ ವಿಧಾನದ ತರಬೇತಿ ಯಾಕೆ ಇಷ್ಟು ಚಂಚಲ ಎಂಬ ಪ್ರಶ್ನೆಗೆ ಮೂವತ್ತು ವರ್ಷಗಳಿಂದ ಉತ್ತರಗಳು ಬರುತ್ತಿವೆ. ಒಬ್ಬರು ದೋಷ ಗಣಿತದಲ್ಲಿದೆ ಎನ್ನುತ್ತಾರೆ, ಇನ್ನೊಬ್ಬರು ಹೆಜ್ಜೆಯ ಅಳತೆಯಲ್ಲಿ, ಮತ್ತೊಬ್ಬರು ನಾವು ಫಲಿತಾಂಶ ಅಳೆಯುವ ರೀತಿಯಲ್ಲಿ, ನಾಲ್ಕನೆಯವರು ನೆಟ್‌ವರ್ಕಿನ ಒಳಗೇ. ಈ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಈ ಕ್ಷೇತ್ರದಲ್ಲಿ ಉಪಾಯಗಳು ಯಾವಾಗಲೂ ಮುಂದೆ ಓಡಿವೆ, ಕಾರಣಗಳು ಹಿಂದಿನಿಂದ ಬಂದಿವೆ. ಕೆಲವು ಕಾರಣಗಳು ಬಂದು ಸೇರುವ ಹೊತ್ತಿಗೆ ಉಪಾಯವೇ ಬೇಡವಾಗಿತ್ತು.

ಊಹೆಯನ್ನು ಊಹೆಯಿಂದ ತಿದ್ದುವುದು

ಶಿವಮೊಗ್ಗದಲ್ಲಿ ಬೆಂಗಳೂರಿನ ಬಸ್ಸು ಹತ್ತಿದವನು ಏಳು ಗಂಟೆಯ ಹಾದಿ ಎಂದುಕೊಂಡಿದ್ದಾನೆ ಎನ್ನಿ. ಅರಸೀಕೆರೆಗೆ ಬರುವಷ್ಟರಲ್ಲಿ ಮೂರೂವರೆ ಗಂಟೆ ಕಳೆದಿದೆ. ಇಲ್ಲಿಂದ ಇನ್ನೂ ನಾಲ್ಕೂವರೆ ಬೇಕೆಂದು ತೋರುತ್ತದೆ. ಅವನು ಬೆಂಗಳೂರು ಮುಟ್ಟುವ ತನಕ ಕಾಯುವುದಿಲ್ಲ. ಏಳು ಎಂದಿದ್ದನ್ನು ಅಲ್ಲೇ ಎಂಟರ ಕಡೆಗೆ ಸರಿಸಿಕೊಳ್ಳುತ್ತಾನೆ. ಆದರೆ ಆ ನಾಲ್ಕೂವರೆಯೂ ಊಹೆಯೇ. ಒಂದು ಊಹೆಯನ್ನು ಅದರ ಮುಂದಿನ ಊಹೆಯಿಂದ ತಿದ್ದುವ ಈ ಕ್ರಮವನ್ನು ರಿಚರ್ಡ್ ಸಟನ್ 1988ರಲ್ಲಿ ಟೆಂಪೊರಲ್ ಡಿಫರೆನ್ಸ್ (ಟಿಡಿ) ಕಲಿಕೆ ಎಂಬ ಹೆಸರಿನಲ್ಲಿ ವಿವರಿಸಿದರು. ಮುಂದಿನ ಊಹೆಯನ್ನು ಆಧರಿಸುವ ಈ ಗುಣಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಎನ್ನುತ್ತಾರೆ.

ಪ್ರತಿ ನಿಲ್ದಾಣದ ಊಹೆಯನ್ನೂ ಕೋಷ್ಟಕದ ಬೇರೆ ಬೇರೆ ಮನೆಯಲ್ಲಿ ಬರೆದಿಟ್ಟುಕೊಂಡರೆ ತೊಂದರೆಯಿಲ್ಲ. ಕ್ರಿಸ್ ವಾಟ್ಕಿನ್ಸ್ 1989ರಲ್ಲಿ ರೂಪಿಸಿದ ಕ್ಯೂ-ಲರ್ನಿಂಗ್ ಇಂಥ ಕೋಷ್ಟಕದ ಮೇಲೆ ಸರಿಯಾದ ಉತ್ತರಕ್ಕೇ ಹೋಗಿ ನಿಲ್ಲುತ್ತದೆ ಎಂದು ಅವರೂ ಪೀಟರ್ ದಯಾನ್ ಅವರೂ 1992ರಲ್ಲಿ ಸಾಧಿಸಿ ತೋರಿಸಿದರು. ಆದರೆ ಗೋ ಆಟದ ಸ್ಥಿತಿಗಳನ್ನು ಯಾವ ಕೋಷ್ಟಕದಲ್ಲೂ ಬರೆದಿಡಲಾಗದು. ಹಾಗಾಗಿ ಕೋಷ್ಟಕದ ಬದಲು ನ್ಯೂರಲ್ ನೆಟ್‌ವರ್ಕ್ ಬಂತು. ಅದರಲ್ಲಿ ಒಂದು ಸ್ಥಿತಿಯ ಊಹೆಯನ್ನು ತಿದ್ದಲು ತೂಕಗಳನ್ನು, ಅಂದರೆ ಅದರೊಳಗಿನ ಸಂಖ್ಯೆಗಳನ್ನು, ಬದಲಿಸಬೇಕು. ಅದೇ ತೂಕಗಳು ಬೇರೆ ಸ್ಥಿತಿಗಳಿಗೂ ಸೇರಿದವು. ಅರಸೀಕೆರೆಯ ಊಹೆ ತಿದ್ದಿದರೆ ತಿಪಟೂರಿನದ್ದೂ ಕೇಳದೆ ಬದಲಾಗುತ್ತದೆ. ಯಾವ ಊಹೆಯನ್ನು ಆಧಾರವಾಗಿ ಹಿಡಿದು ತಿದ್ದುತ್ತಿದ್ದೆವೋ ಆ ಆಧಾರವೇ ಸರಿಯುತ್ತದೆ.

ಇನ್ನೊಂದು ತೊಡಕೂ ಇದೆ. ಬೆಕ್ಕು-ನಾಯಿಯ ಚಿತ್ರಗಳು ಮೊದಲೇ ಸಂಗ್ರಹವಾಗಿರುತ್ತವೆ. ಕಲಿಯುವವನು ದಡ್ಡನಾದರೂ ಚಿತ್ರಗಳು ಕೆಡುವುದಿಲ್ಲ. ಆರ್‌ಎಲ್‌ನಲ್ಲಿ ಕಲಿಯುವ ಏಜೆಂಟ್ ತನ್ನ ನಡೆಯಿಂದಲೇ ತನ್ನ ಪಾಠವನ್ನು ಸಂಪಾದಿಸಬೇಕು. ಒಂದು ಕೆಟ್ಟ ತಿದ್ದುಪಡಿಯಿಂದ ನಡೆ ಕೆಟ್ಟರೆ ಮುಂದಿನ ಪಾಠವೂ ಕೆಡುತ್ತದೆ, ಆ ಪಾಠದಿಂದ ನಡೆ ಇನ್ನಷ್ಟು ಹದಗೆಡುತ್ತದೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಈ ಎರಡರಲ್ಲಿ ನಿಜವಾಗಿ ಕೆಡಿಸುವುದು ಯಾವುದು ಎಂಬಲ್ಲಿಂದ ವಾದ ಶುರುವಾಗುತ್ತದೆ.

ಗೆದ್ದ ಬ್ಯಾಕ್‌ಗ್ಯಾಮನ್, ಸೋತ ಪುಟ್ಟ ಲೆಕ್ಕಗಳು

ಈ ಚರಿತ್ರೆಯ ವಿಚಿತ್ರವೆಂದರೆ ಅದು ದೊಡ್ಡ ಗೆಲುವಿನಿಂದಲೇ ಶುರುವಾಗುವುದು. ಐಬಿಎಂನ ಗೆರಾಲ್ಡ್ ಟೆಸಾರೊ 1990ರ ದಶಕದ ಆರಂಭದಲ್ಲಿ ಟಿಡಿ-ಗ್ಯಾಮನ್ ಎಂಬ ಪ್ರೋಗ್ರಾಮ್ ಕಟ್ಟಿದರು. ಇಂದಿನ ಲೆಕ್ಕದಲ್ಲಿ ಅದು ಪುಟ್ಟ ನೆಟ್‌ವರ್ಕ್. ತನ್ನ ವಿರುದ್ಧ ತಾನೇ ಬ್ಯಾಕ್‌ಗ್ಯಾಮನ್ ಆಡಿ ಕಲಿಯಿತು. ಒಂದು ಆವೃತ್ತಿ ಹದಿನೈದು ಲಕ್ಷ ಆಟಗಳನ್ನು ಆಡಿ ಜಗತ್ತಿನ ಅಗ್ರ ಆಟಗಾರರ ಸಮಕ್ಕೆ ಬಂತು. ಆಟದ ಕೆಲವು ಆರಂಭಿಕ ನಡೆಗಳ ಬಗ್ಗೆ ಪರಿಣತರೇ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ತರಬೇತಿ ಕುಸಿಯಲಿಲ್ಲ, ವಿಶೇಷ ಉಪಾಯಗಳೇನೂ ಬೇಕಾಗಲಿಲ್ಲ.

ಇದನ್ನು ನೋಡಿ ಉಳಿದವರೂ ಕೈಹಾಕಿದರು, ಕೈ ಸುಟ್ಟುಕೊಂಡರು. ಕಾರ್ನೆಗಿ ಮೆಲನ್‌ನ ಜಸ್ಟಿನ್ ಬಾಯನ್ ಮತ್ತು ಆಂಡ್ರ್ಯೂ ಮೂರ್ 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಕ್ಕಳಾಟದಂಥ ಚೌಕಗಳ ಮೈದಾನ ದಾಟುವ ಸಮಸ್ಯೆಯಲ್ಲೂ ಊಹೆಗಳು ಸರಿಯಾದ ಬೆಲೆ ಬಿಟ್ಟು ಎತ್ತಲೋ ಹೋಗುವುದನ್ನು ತೋರಿಸಿದರು. ಸಟನ್ ಸುಮ್ಮನಿರಲಿಲ್ಲ. ಮರುವರ್ಷ ಅದೇ ಸಮಸ್ಯೆಗಳನ್ನು ಎತ್ತಿಕೊಂಡು, ಸ್ಥಿತಿಗಳನ್ನು ಬೇರೆ ರೀತಿಯಲ್ಲಿ ಸಂಕೇತಿಸಿ, ಏಜೆಂಟ್ ನಿಜವಾಗಿ ನಡೆದ ದಾರಿಯಲ್ಲೇ ಕಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಉತ್ತರ ಕೊಟ್ಟರು. ಇಬ್ಬರೂ ತಮ್ಮ ತಮ್ಮ ಪ್ರಯೋಗದ ಮಟ್ಟಿಗೆ ಸರಿ. ಈ ಕ್ಷೇತ್ರದ ಬಹುಪಾಲು ವಾಗ್ವಾದಗಳು ಇಂದಿಗೂ ಈ ಜಾಡಿನಲ್ಲೇ ಸಾಗುತ್ತವೆ: ನನ್ನಲ್ಲಿ ಕೆಟ್ಟಿತು, ನನ್ನಲ್ಲಿ ಕೆಡಲಿಲ್ಲ.

ಗಟ್ಟಿ ಪೆಟ್ಟು ಬಿದ್ದದ್ದು ಲೀಮನ್ ಬೇರ್ಡ್ ಅವರಿಂದ. 1995ರಲ್ಲಿ ಅವರು ಕೊಟ್ಟ ಪ್ರತ್ಯುದಾಹರಣೆಯಲ್ಲಿ ಬಹುಮಾನವೆಲ್ಲ ಸೊನ್ನೆ, ಸರಿಯಾದ ಉತ್ತರವೂ ಸೊನ್ನೆ, ಆ ಉತ್ತರವನ್ನು ಹೇಳುವ ಶಕ್ತಿ ಕಲಿಯುವ ಸೂತ್ರಕ್ಕೆ ಇದೆ. ಪಠ್ಯಪುಸ್ತಕದಲ್ಲಿ ಪ್ರಸಿದ್ಧವಾದ ರೂಪದಲ್ಲಿ ಏಳೇ ಸ್ಥಿತಿಗಳು, ಎಂಟೇ ತೂಕಗಳು; ನ್ಯೂರಲ್ ನೆಟ್‌ವರ್ಕ್ ಕೂಡ ಅಲ್ಲ, ಬರೀ ಕೂಡಿಸಿ ಗುಣಿಸುವ ರೇಖೀಯ ಲೆಕ್ಕ. ಆದರೂ ತೂಕಗಳು ಅನಂತದ ಕಡೆಗೆ ಓಡುತ್ತವೆ. ಎರಡು ವರ್ಷಗಳ ನಂತರ ಎಂಐಟಿಯ ಜಾನ್ ಟ್ಸಿಟ್ಸಿಕ್ಲಿಸ್ ಮತ್ತು ಬೆಂಜಮಿನ್ ವಾನ್ ರಾಯ್ ಗಡಿರೇಖೆ ಎಳೆದರು. ಸೂತ್ರ ರೇಖೀಯವಾಗಿದ್ದು, ಏಜೆಂಟ್ ತಾನು ನಡೆದ ದಾರಿಯಿಂದಲೇ ಕಲಿತರೆ ಕಲಿಕೆ ನೆಲೆಗೊಳ್ಳುತ್ತದೆ. ರೇಖೀಯತೆ ಬಿಟ್ಟರೆ ಆ ಭರವಸೆಯಿಲ್ಲ. ಊಹೆಗಳು ಸುರುಳಿ ಸುತ್ತುತ್ತ ಹಿಗ್ಗುವ ಉದಾಹರಣೆಯನ್ನೂ ಅವರೇ ಕಟ್ಟಿ ತೋರಿಸಿದರು.

ಇದೆಲ್ಲ ಸೇರಿ ಹುಟ್ಟಿದ್ದು ಸಟನ್ ಮತ್ತು ಆಂಡ್ರ್ಯೂ ಬಾರ್ಟೊ ತಮ್ಮ ಪಠ್ಯಪುಸ್ತಕದ 2018ರ ಎರಡನೆಯ ಆವೃತ್ತಿಯಲ್ಲಿ ವಿವರಿಸಿದ ಮಾರಕ ತ್ರಿಕೂಟ. ಕೋಷ್ಟಕದ ಬದಲು ಅಂದಾಜು ಸೂತ್ರ, ಊಹೆಯಿಂದ ಊಹೆ ಕಲಿಯುವುದು, ತನ್ನದಲ್ಲದ ಬೇರೊಂದು ನಡೆಯಿಂದ ಬಂದ ಅನುಭವ (ಆಫ್-ಪಾಲಿಸಿ) ಬಳಸುವುದು. ಇವುಗಳಲ್ಲಿ ಯಾವುದೇ ಎರಡನ್ನು ಇಟ್ಟುಕೊಂಡು ನಿಭಾಯಿಸಬಹುದು. ಮೂರೂ ಕೂಡಿದರೆ ಅಪಾಯ. ಇದು ಗಣಿತ ಪಂಥದ ಮೂಲಸೂತ್ರ. ಟೆಸಾರೊ ಗೆದ್ದದ್ದನ್ನೂ ಇದು ಒಂದು ಮಟ್ಟಿಗೆ ವಿವರಿಸುತ್ತದೆ, ಏಕೆಂದರೆ ಟಿಡಿ-ಗ್ಯಾಮನ್ ತಾನು ಆಡಿದ ಆಟದಿಂದಲೇ ಕಲಿಯುತ್ತಿತ್ತು. ಆಟದಲ್ಲಿ ದಾಳವಿದ್ದದ್ದೂ ಸಹಾಯ ಮಾಡಿರಬೇಕು. ದಾಳ ಬೀಳುವ ಆಟದಲ್ಲಿ ಆಟಗಾರ ಬಯಸಲಿ ಬಿಡಲಿ ಹೊಸ ಹೊಸ ಸ್ಥಿತಿಗಳು ಎದುರಾಗುತ್ತವೆ. ಗೆಲುವಿನ ಗುಟ್ಟು ಕಲಿಕೆಯ ವಿಧಾನಕ್ಕಿಂತ ಬ್ಯಾಕ್‌ಗ್ಯಾಮನ್ನಿನ ಸ್ವಭಾವದಲ್ಲೇ ಹೆಚ್ಚಿತ್ತು ಎಂದು ಜೋರ್ಡನ್ ಪೊಲಾಕ್ ಮತ್ತು ಅಲನ್ ಬ್ಲೇರ್ ಮುಂದೆ ವಾದಿಸಿದರು.

ಎರಡು ವೇಗಗಳ ಗಣಿತ: ಬೆಂಗಳೂರಿನ ಎಳೆ

ಗಣಿತ ಪಂಥದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ದೊಡ್ಡದು. ನಮ್ಮಲ್ಲಿ ಅದರ ಮಾತು ಕಡಿಮೆ. ವಿವೇಕ್ ಬೋರ್ಕರ್ ಅಲ್ಲಿದ್ದಾಗ 1997ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದು, ಒಂದನ್ನೊಂದು ಅವಲಂಬಿಸಿದ ಎರಡು ಕಲಿಕೆಗಳು ಏಕಕಾಲಕ್ಕೆ ನಡೆಯುವಾಗ ಏನಾಗುತ್ತದೆ ಎಂದು ಕೇಳಿತು. ಉತ್ತರ ಸರಳ, ಅದರ ಸಾಧನೆ ಸರಳವಲ್ಲ: ಒಂದು ವೇಗವಾಗಿ ಕಲಿಯಲಿ, ಇನ್ನೊಂದು ನಿಧಾನವಾಗಿ. ವೇಗದವನ ಕಣ್ಣಿಗೆ ನಿಧಾನದವನು ನಿಂತೇ ಇರುವಂತೆ ಕಾಣುತ್ತಾನೆ; ನಿಧಾನದವನ ಕಣ್ಣಿಗೆ ವೇಗದವನು ಆಗಲೇ ನೆಲೆ ಮುಟ್ಟಿರುತ್ತಾನೆ. ಗುರಿ ಸರಿಯುವ ಸಮಸ್ಯೆಯನ್ನು ಹೀಗೆ ಪಳಗಿಸಬಹುದು. ವಿಜಯ್ ಕೊಂಡ ಅವರೊಂದಿಗೆ 1999ರಲ್ಲಿ ಬೋರ್ಕರ್ ಇದನ್ನು ಆಕ್ಟರ್-ಕ್ರಿಟಿಕ್ ವಿಧಾನಗಳಿಗೆ, ಅಂದರೆ ನಡೆಯುವ ಭಾಗ ಮತ್ತು ನಡೆಯ ಬೆಲೆ ಕಟ್ಟುವ ಭಾಗ ಬೇರೆಯಾಗಿರುವ ಏರ್ಪಾಡಿಗೆ, ಅನ್ವಯಿಸಿದರು. ಶಾನ್ ಮೇನ್ ಜೊತೆ 2000ದಲ್ಲಿ ಬರೆದ ಪ್ರಬಂಧ ಕಲಿಕೆ ಹಿಗ್ಗಿ ಹೋಗದಿರಲು ಸಾಕಾಗುವ ಷರತ್ತು ಕೊಟ್ಟಿತು. ಆರ್‌ಎಲ್‌ನ ಸ್ಥಿರತೆ ಸಾಧಿಸುವವರು ಇಂದಿಗೂ ಆ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ.

ಅದೇ ಸಂಸ್ಥೆಯ ಶಲಭ್ ಭಟ್ನಾಗರ್ 2009ರಲ್ಲಿ ಸಟನ್, ಹಮೀದ್ ಮಾಯಿ, ಡೊಯಿನಾ ಪ್ರಿಕಪ್, ಡೇವಿಡ್ ಸಿಲ್ವರ್, ಚಾಬಾ ಸೆಪೆಶ್ವಾರಿ ಮೊದಲಾದವರೊಂದಿಗೆ ಸೇರಿ ರೂಪಿಸಿದ ಗ್ರೇಡಿಯೆಂಟ್-ಟಿಡಿ ವಿಧಾನಗಳು ಬೇರ್ಡ್ ಅವರ ಪ್ರತ್ಯುದಾಹರಣೆಯಲ್ಲೂ ಕುಸಿಯುವುದಿಲ್ಲ. ರೇಖೀಯ ಸೂತ್ರದ ಮಟ್ಟಿಗೆ ತ್ರಿಕೂಟಕ್ಕೆ ಇದು ನೇರ ಉತ್ತರ. ಅದೇ ವರ್ಷದ ಇನ್ನೊಂದು ಪ್ರಬಂಧ ಇದನ್ನು ರೇಖೀಯವಲ್ಲದ ಸೂತ್ರಗಳಿಗೂ ವಿಸ್ತರಿಸಿತು. ಆದರೂ ಡೀಪ್ ಆರ್‌ಎಲ್ ಕಟ್ಟುವವರು ಇವುಗಳನ್ನು ಹೆಚ್ಚಾಗಿ ಬಳಸಲಿಲ್ಲ. ಗ್ಯಾರಂಟಿ ಇತ್ತು, ವೇಗ ಇರಲಿಲ್ಲ. ಗ್ಯಾರಂಟಿಯಿಲ್ಲದ ವೇಗದ ದಾರಿ ಬೇಗನೆ ತೆರೆದುಕೊಂಡಿತು.

ಅಟಾರಿ ಮತ್ತು ಎರಡು ಊರೆಗಳು

ಕ್ಯೂ-ಲರ್ನಿಂಗನ್ನು ದೊಡ್ಡ ನೆಟ್‌ವರ್ಕಿನೊಂದಿಗೆ ಬೆಸೆದ ಡೀಪ್‌ಮೈಂಡ್‌ನ ಡಿಕ್ಯೂಎನ್ 2013ರಲ್ಲಿ ಏಳು ಅಟಾರಿ ವಿಡಿಯೊ ಆಟಗಳಲ್ಲಿ, 2015ರ ಫೆಬ್ರುವರಿಯಲ್ಲಿ ನೇಚರ್ ಪತ್ರಿಕೆಯ ಪುಟಗಳಲ್ಲಿ 49 ಆಟಗಳಲ್ಲಿ ಕಾಣಿಸಿಕೊಂಡಿತು. ಮಾರಕ ತ್ರಿಕೂಟದ ಮೂರೂ ಅಂಶ ಅದರಲ್ಲಿದ್ದವು. ಆದರೂ ನಿಂತಿತು. ನಿಲ್ಲಿಸಿದ್ದು ಎರಡು ಊರೆಗಳು, ಅಂದರೆ ಆಸರೆಗಳು. ಒಂದು ರೀಪ್ಲೇ ಬಫರ್: ಇತ್ತೀಚಿನ ಹತ್ತು ಲಕ್ಷ ಫ್ರೇಮ್‌ಗಳ ಅನುಭವವನ್ನು ಕೂಡಿಟ್ಟು, ಅದರಿಂದ ಲಾಟರಿ ಎತ್ತಿದಂತೆ ಆರಿಸಿ ಕಲಿಯುವುದು; ಲಾಂಗ್-ಜಿ ಲಿನ್ 1992ರಲ್ಲೇ ಹೇಳಿದ್ದ ಯೋಚನೆ ಇದು. ಇನ್ನೊಂದು ಟಾರ್ಗೆಟ್ ನೆಟ್‌ವರ್ಕ್: ಊಹೆಗೆ ಆಧಾರವಾಗುವ ನೆಟ್‌ವರ್ಕಿನ ಹಳೆಯ ಪ್ರತಿಯೊಂದನ್ನು ಇಟ್ಟುಕೊಂಡು, ಅದನ್ನು 10,000 ತಿದ್ದುಪಡಿಗಳಿಗೊಮ್ಮೆ ಮಾತ್ರ ಹೊಸದು ಮಾಡುವುದು. ಬ್ರೇಕ್‌ಔಟ್ ಆಟದಲ್ಲಿ ಎರಡೂ ಇದ್ದಾಗ ಅಂಕ 316.8. ಟಾರ್ಗೆಟ್ ತೆಗೆದರೆ 240.7. ಬಫರ್ ತೆಗೆದರೆ 10.2. ಎರಡೂ ಇಲ್ಲದಿದ್ದರೆ 3.2.

ಬೋರ್ಕರ್ ಅವರ ಎರಡು ವೇಗಗಳನ್ನು ಬಲ್ಲವರಿಗೆ ಟಾರ್ಗೆಟ್ ನೆಟ್‌ವರ್ಕ್ ಅಪರಿಚಿತವಲ್ಲ. ನಿಧಾನದವನು ಅಲ್ಲಿ ನಿಂತಿದ್ದಾನೆ. ಈ ಊರೆಯಿಂದ ತ್ರಿಕೂಟ ಮುರಿಯುತ್ತದೆ ಎಂದು ಕೆಲವು ಷರತ್ತುಗಳಡಿ ಶಾಂಗ್‌ಟಾಂಗ್ ಝಾಂಗ್ ಮತ್ತು ಸಂಗಡಿಗರು ಸಾಧಿಸಿದ್ದು 2021ರಲ್ಲಿ, ಡಿಕ್ಯೂಎನ್ ಹಳೆಯದಾದ ಮೇಲೆ.

ಊರೆಗಳಿದ್ದರೂ ಇನ್ನೊಂದು ದೋಷ ಉಳಿದಿತ್ತು. ಕ್ಯೂ-ಲರ್ನಿಂಗ್ ಪ್ರತಿ ಹೆಜ್ಜೆಯಲ್ಲೂ ಅತಿ ದೊಡ್ಡ ಊಹೆಯನ್ನೇ ಆರಿಸುತ್ತದೆ. ಅತಿ ದೊಡ್ಡದು ಎಂದರೆ ಬಹಳ ಸಲ ಅತಿ ಹೆಚ್ಚು ತಪ್ಪಾದದ್ದು. ಸೆಬಾಸ್ಟಿಯನ್ ಥ್ರನ್ ಮತ್ತು ಆಂಟನ್ ಶ್ವಾರ್ಟ್ಸ್ ಈ ಅತಿ ಅಂದಾಜನ್ನು 1993ರಲ್ಲೇ ಗುರುತಿಸಿದ್ದರು. ಹಾಡೊ ವಾನ್ ಹಾಸೆಲ್ಟ್ ಅವರ ಡಬಲ್ ಡಿಕ್ಯೂಎನ್ ಪ್ರಬಂಧ ಅಟಾರಿಯ ಆಸ್ಟೆರಿಕ್ಸ್ ಮತ್ತು ವಿಝರ್ಡ್ ಆಫ್ ವೋರ್ ಆಟಗಳಲ್ಲಿ ಇದರ ಪರಿಣಾಮ ತೋರಿಸಿತು: ನೆಟ್‌ವರ್ಕಿನ ಊಹೆ ಮೇಲೆ ಹಾರಿದ ಹೊತ್ತಿಗೇ ಆಟದ ಅಂಕ ಕೆಳಗೆ ಬಿತ್ತು. ಆರಿಸುವವನೂ ಬೆಲೆ ಕಟ್ಟುವವನೂ ಬೇರೆಯಾದರೆ ಇದು ತಗ್ಗುತ್ತದೆ. ರೋಬಾಟ್ ಚಲನೆಯ ಲೋಕದಲ್ಲಿ 2018ರ ಟಿಡಿ3 ಇನ್ನೂ ಹುಷಾರಿನ ದಾರಿ ಹಿಡಿಯಿತು. ಎರಡು ಊಹೆಗಳಲ್ಲಿ ಚಿಕ್ಕದನ್ನೇ ನಂಬಿತು.

ಅದೇ 2018ರಲ್ಲಿ ವಾನ್ ಹಾಸೆಲ್ಟ್ ಮತ್ತು ಸಂಗಡಿಗರು ತ್ರಿಕೂಟವನ್ನೇ ಅಟಾರಿಯಲ್ಲಿ ಪರೀಕ್ಷೆಗೆ ಒಡ್ಡಿದರು. ಬಹುಮಾನವನ್ನು 1ಕ್ಕೆ ಕತ್ತರಿಸಿ, ಮುಂದಿನ ಬಹುಮಾನಗಳನ್ನು 0.99ರಿಂದ ಕುಗ್ಗಿಸುತ್ತ ಕೂಡಿದರೆ ಯಾವ ಸ್ಥಿತಿಯ ಬೆಲೆಯೂ 100 ದಾಟಲಾರದು. ದಾಟಿದರೆ ಊಹೆ ಹಳಿ ತಪ್ಪಿದೆ ಎಂದೇ ಅರ್ಥ. ಊಹೆಗಳು 100ನ್ನು ದಾಟಿದ್ದುಂಟು. ಆದರೆ ಬೇರ್ಡ್ ಹೆದರಿಸಿದಂತೆ ಅನಂತಕ್ಕೆ ಓಡದೆ ಬಹಳ ಸಲ ಮರಳಿ ಬಂದವು. ನನ್ನ ಮಟ್ಟಿಗೆ ಈ ವಾದದ ತಿರುವು ಇಲ್ಲಿದೆ. ಗಣಿತ ಎಚ್ಚರಿಸಿದ ಸ್ಫೋಟ ದೊಡ್ಡ ನೆಟ್‌ವರ್ಕ್‌ಗಳಲ್ಲಿ ಅಪರೂಪವಾದರೆ ಎಂಜಿನಿಯರುಗಳು ದಿನಾ ಕಾಣುವ ಕುಸಿತಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಹೆಜ್ಜೆ ಚಿಕ್ಕದಿರಲಿ ಎಂದವರು

ಎರಡನೆಯ ಪಂಥಕ್ಕೆ ಊಹೆಯ ಬೆಲೆಗಿಂತ ನಡೆಯ ನಿಯಮ, ಅಂದರೆ ಪಾಲಿಸಿ, ಮುಖ್ಯ. ಪಾಲಿಸಿಯನ್ನು ನೇರವಾಗಿ ತಿದ್ದುವಾಗ ಒಂದೇ ಒಂದು ದೊಡ್ಡ ತಪ್ಪು ಹೆಜ್ಜೆ ಸಾಕು. ಆಮೇಲೆ ಬರುವ ಅನುಭವವೆಲ್ಲ ಕೆಟ್ಟ ನಡೆಯ ಅನುಭವ, ಅದರಿಂದ ಹಿಂತಿರುಗುವ ದಾರಿ ಕಾಣುವುದಿಲ್ಲ. ಶಾಮ್ ಕಕಾಡೆ ಮತ್ತು ಜಾನ್ ಲ್ಯಾಂಗ್‌ಫೋರ್ಡ್ 2002ರಲ್ಲಿ, ಹಳೆಯ ಪಾಲಿಸಿಗೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿದರೆ ಸುಧಾರಣೆ ಖಚಿತ ಎಂದು ತೋರಿಸಿದ್ದರು. ಜಾನ್ ಶುಲ್ಮನ್ ಮತ್ತು ಸಂಗಡಿಗರು ಈ ಎಳೆ ಹಿಡಿದು 2015ರಲ್ಲಿ ಟಿಆರ್‌ಪಿಒ ಕಟ್ಟಿದರು: ಹೊಸ ಪಾಲಿಸಿ ಹಳೆಯದರಿಂದ ಇಷ್ಟೇ ದೂರ ಹೋಗಬಹುದು ಎಂಬ ಬೇಲಿ. ಅದರ ಲೆಕ್ಕ ಭಾರವಾಗಿತ್ತು. 2017ರಲ್ಲಿ ಓಪನ್‌ಎಐನಿಂದ ಅವರೇ ತಂದ ಪಿಪಿಒ ಬೇಲಿಯ ಬದಲು ಕತ್ತರಿ ಹಿಡಿಯಿತು. ಒಂದು ನಡೆಯ ಸಂಭವನೀಯತೆ ಹಳೆಯದಕ್ಕಿಂತ 20 ಪ್ರತಿಶತದಾಚೆ ಬದಲಾದರೆ ಅದಕ್ಕಿಂತ ಹೆಚ್ಚಿನ ಬದಲಾವಣೆಗೆ ಲಾಭವಿಲ್ಲದಂತೆ ಮಾಡಿತು. ಕೆಲವೇ ಸಾಲಿನ ಕೋಡ್. ಅದು ಈ ಕ್ಷೇತ್ರದ ನಿತ್ಯದ ಉಪಕರಣವಾಯಿತು.

ಪಿಪಿಒ ಯಾಕೆ ನಿಲ್ಲುತ್ತದೆ ಎಂದು ಎಂಐಟಿಯ ಲೋಗನ್ ಎಂಗ್‌ಸ್ಟ್ರಮ್ ಮತ್ತು ಸಂಗಡಿಗರು 2020ರಲ್ಲಿ ಬಿಚ್ಚಿ ನೋಡಿದಾಗ ಮುಜುಗರದ ಸಂಗತಿ ಹೊರಬಿತ್ತು. ಪ್ರಬಂಧದ ಮುಖ್ಯ ಯೋಚನೆಯಾದ ಆ ಕತ್ತರಿಗಿಂತ, ಕೋಡಿನ ಮೂಲೆಗಳಲ್ಲಿದ್ದ ಸಣ್ಣಪುಟ್ಟ ಏರ್ಪಾಡುಗಳೇ ಹೆಚ್ಚಿನ ಕೆಲಸ ಮಾಡುತ್ತಿದ್ದವು: ಬಹುಮಾನವನ್ನು ಒಂದು ಅಳತೆಗೆ ತರುವುದು, ಆರಂಭದ ತೂಕಗಳನ್ನು ಒಂದು ರೀತಿಯಲ್ಲಿ ಆರಿಸುವುದು, ಕಲಿಕೆಯ ವೇಗವನ್ನು ಮೆಲ್ಲಗೆ ಇಳಿಸುವುದು. ಅವೇ ಏರ್ಪಾಡುಗಳನ್ನು ಟಿಆರ್‌ಪಿಒಗೆ ಕೊಟ್ಟರೆ ಅದೂ ಹೆಚ್ಚುಕಡಿಮೆ ಪಿಪಿಒ ಮಟ್ಟಕ್ಕೆ ಬರುತ್ತದೆ. ಗೂಗಲ್ ಸಂಶೋಧಕರು ಇಂಥ ಐವತ್ತಕ್ಕೂ ಹೆಚ್ಚು ಆಯ್ಕೆಗಳನ್ನು 2,50,000 ಏಜೆಂಟ್‌ಗಳಿಗೆ ತರಬೇತಿ ಕೊಟ್ಟು ಪರೀಕ್ಷಿಸಿದರು. ಅವರು ಕೊಟ್ಟ ಸಲಹೆಗಳಲ್ಲಿ ಒಂದು, ಪಾಲಿಸಿಯ ಕೊನೆಯ ಪದರದ ಆರಂಭದ ತೂಕಗಳು ಉಳಿದವಕ್ಕಿಂತ ನೂರು ಪಟ್ಟು ಚಿಕ್ಕದಿರಲಿ ಎಂಬುದು. ಯಾವ ಪ್ರಮೇಯದಿಂದಲೂ ಹೊಳೆಯದ ಮಾತು ಅದು.

ಚಿಕ್ಕ ಹೆಜ್ಜೆಯ ವಾದ ಸುಳ್ಳಲ್ಲ. ಆದರೆ ಅದು ವಿವರಿಸುವುದು ಒಂದೇ ಏಟಿಗೆ ಬೀಳುವ ಕುಸಿತವನ್ನು. ಬಹಳ ಹೊತ್ತು ಸರಿಯಾಗಿ ನಡೆದು ನಿಧಾನವಾಗಿ ಸೊರಗುವುದನ್ನು ಅದು ಮುಟ್ಟುವುದಿಲ್ಲ.

ಯಾವ ಸೀಡ್ ಎಂದು ಕೇಳಿದವರು

ಮೂರನೆಯವರು ಹೇಳುವುದು ಇದು: ಸ್ಥಿರತೆಯ ಬಗ್ಗೆ ಮಾತಾಡುವ ಮೊದಲು ಅದನ್ನು ಅಳೆಯಲು ಕಲಿಯಿರಿ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಪೀಟರ್ ಹೆಂಡರ್ಸನ್, ಜೋಯೆಲ್ ಪಿನೋ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಕೋಡ್, ಒಂದೇ ಕೆಲಸ, ಹತ್ತು ಸೀಡ್. ಐದೈದರ ಎರಡು ಗುಂಪು ಮಾಡಿ ಸರಾಸರಿ ತೆಗೆದರೆ, ಎರಡು ಬೇರೆ ವಿಧಾನಗಳನ್ನು ಹೋಲಿಸಿದಷ್ಟು ಅಂತರ ಕಂಡಿತು. ಆಗ ಪ್ರಕಟವಾಗುತ್ತಿದ್ದ ಎಷ್ಟೋ ಪ್ರಬಂಧಗಳು ಮೂರೋ ಐದೋ ಓಟಗಳ ಮೇಲೆ ನಿಂತಿದ್ದವು. ರಿಷಭ್ ಅಗರ್ವಾಲ್ ಮತ್ತು ಸಂಗಡಿಗರು 2021ರಲ್ಲಿ ಇನ್ನೂ ಮುಂದೆ ಹೋಗಿ, ಓಟಗಳ ಸಂಖ್ಯೆ ಮತ್ತು ಅನಿಶ್ಚಿತತೆಯ ವ್ಯಾಪ್ತಿಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಯಾವ ವಿಧಾನ ಯಾವುದಕ್ಕಿಂತ ಮೇಲು ಎಂಬ ಕೆಲವು ತೀರ್ಮಾನಗಳೇ ಅಲುಗಾಡುತ್ತವೆ ಎಂದು ತೋರಿಸಿದರು.

ಈ ಪಂಥ ಕುಸಿತಕ್ಕೆ ಕಾರಣ ಕೊಡುವುದಿಲ್ಲ. ಹಾಗೆಂದು ಇದನ್ನು ಬದಿಗೆ ಸರಿಸುವಂತಿಲ್ಲ. ಉಳಿದ ಪಂಥಗಳ ಸಾಕ್ಷ್ಯವನ್ನು ಎಷ್ಟು ನಂಬಬಹುದು ಎಂದು ತೀರ್ಮಾನಿಸುವುದು ಇದೇ. 2018ಕ್ಕೆ ಹಿಂದಿನ ಪ್ರಬಂಧವೊಂದು ತನ್ನ ವಿಧಾನ ಹೆಚ್ಚು ಸ್ಥಿರ ಎಂದಾಗ ನಾನು ಮೊದಲು ಓಟಗಳ ಸಂಖ್ಯೆ ಹುಡುಕುತ್ತೇನೆ.

ಮಂಕಾಗುವ ನೆಟ್‌ವರ್ಕ್

ನಾಲ್ಕನೆಯ ಪಂಥ ಹೊಸದು, ಈಗ ಹೆಚ್ಚು ಜೀವಂತವಾಗಿರುವುದೂ ಅದೇ. ಅದರ ಆರೋಪ ನೆಟ್‌ವರ್ಕಿನ ಮೇಲೆ. ಗುರಿ ಬದಲಾಗುತ್ತಲೇ ಇರುವಾಗ ನೆಟ್‌ವರ್ಕ್ ಹಳೆಯ ಗುರಿಗಳಿಗೆ ಒಗ್ಗಿ ಒಗ್ಗಿ ಹೊಸದನ್ನು ಕಲಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಸ್ಫೋಟವಿಲ್ಲ, ಸದ್ದಿಲ್ಲ, ಊಹೆಗಳು ಅನಂತಕ್ಕೆ ಹೋಗುವುದಿಲ್ಲ. ಕಲಿಕೆ ನಿಲ್ಲುತ್ತದೆ ಅಷ್ಟೆ.

ಸಾಕ್ಷ್ಯಗಳು ಬೇರೆ ಬೇರೆ ಕಡೆಯಿಂದ ಬಂದವು. ಕ್ಲೇರ್ ಲೈಲ್ ಮತ್ತು ಸಂಗಡಿಗರು 2022ರಲ್ಲಿ, ತರಬೇತಿ ಮುಂದುವರಿದಂತೆ ನೆಟ್‌ವರ್ಕ್ ಹೊಸ ಗುರಿಗಳಿಗೆ ಹೊಂದಿಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಅಳೆದರು. ಅದೇ ವರ್ಷ ಎವ್ಗೆನಿ ನಿಕಿಶಿನ್ ಮತ್ತು ಸಂಗಡಿಗರು ಮೊದಮೊದಲ ಅನುಭವಕ್ಕೆ ನೆಟ್‌ವರ್ಕ್ ಅತಿಯಾಗಿ ಅಂಟಿಕೊಳ್ಳುವುದನ್ನು ತೋರಿಸಿ, ಧೈರ್ಯದ ಪರಿಹಾರ ಕೊಟ್ಟರು: ಆಗಾಗ ನೆಟ್‌ವರ್ಕಿನ ಕೊನೆಯ ಪದರಗಳನ್ನು ಅಳಿಸಿ ಹೊಸದಾಗಿ ಶುರು ಮಾಡಿ, ಅನುಭವದ ಬಫರ್ ಮಾತ್ರ ಉಳಿಸಿಕೊಳ್ಳಿ. ಕಲಿತದ್ದನ್ನು ಅಳಿಸಿದ ಮೇಲೆ ಅಂಕ ಒಮ್ಮೆ ಬಿದ್ದು, ಬೇಗನೆ ಮೊದಲಿಗಿಂತ ಮೇಲೆ ಹೋಯಿತು. ಘಾದಾ ಸೋಕರ್ ಮತ್ತು ಸಂಗಡಿಗರು 2023ರಲ್ಲಿ ಒಳಗೆ ಹೊಕ್ಕು ನೋಡಿ, ತರಬೇತಿ ಉದ್ದವಾದಂತೆ ಹೆಚ್ಚು ಹೆಚ್ಚು ನ್ಯೂರಾನ್‌ಗಳು ಯಾವ ಇನ್‌ಪುಟ್‌ಗೂ ಹೆಚ್ಚುಕಡಿಮೆ ಪ್ರತಿಕ್ರಿಯಿಸದೆ ನಿದ್ದೆಗೆ ಜಾರುವುದನ್ನು ಕಂಡರು. ಆಲ್ಬರ್ಟಾದ ಶಿಭಾಂಶ್ ದೋಹರೆ, ಸಟನ್ ಮತ್ತು ಸಂಗಡಿಗರು 2024ರಲ್ಲಿ ನೇಚರ್‌ನಲ್ಲಿ, ಈ ಮಂಕು ಆರ್‌ಎಲ್‌ಗೆ ಸೀಮಿತವಲ್ಲ, ಪಾಠ ಬದಲಾಗುತ್ತಲೇ ಇರುವ ಯಾವ ಡೀಪ್ ಕಲಿಕೆಗೂ ತಟ್ಟುತ್ತದೆ ಎಂದು ವಾದಿಸಿ, ಕಡಿಮೆ ಬಳಕೆಯ ಕೆಲವೇ ನ್ಯೂರಾನ್‌ಗಳನ್ನು ಸದಾ ಹೊಸದು ಮಾಡುತ್ತಿರುವ ವಿಧಾನ ಮುಂದಿಟ್ಟರು. ಇದಕ್ಕೂ ಮೊದಲು ದೋಹರೆ ಮತ್ತು ಸಂಗಡಿಗರು, ಪಿಪಿಒ ಬಹಳ ಹೊತ್ತು ಓಡಿದಾಗ ಕುಸಿಯುವುದಕ್ಕೆ ಆಡಮ್ ಎಂಬ ತಿದ್ದುಪಡಿ ವಿಧಾನದ ಎರಡು ಸ್ಥಿರಾಂಕಗಳು, 0.9 ಮತ್ತು 0.999, ಸಮನಾಗಿಲ್ಲದಿರುವುದೂ ಕಾರಣ ಎಂದಿದ್ದರು. ಬೆಕ್ಕು-ನಾಯಿಗಾಗಿ ಆರಿಸಿದ ಬೆಲೆಗಳನ್ನು ಯಾರೂ ಪ್ರಶ್ನಿಸದೆ ಇಲ್ಲಿಗೂ ತಂದಿದ್ದರು.

ಈ ಪಂಥದಿಂದ ಹೊರಟ ದಾರಿಯೊಂದು ಹಳೆಯ ಊರೆಗಳನ್ನೇ ಬಿಸಾಡುವಲ್ಲಿಗೆ ಬಂದಿದೆ. ನೆಟ್‌ವರ್ಕಿನ ಪ್ರತಿ ಪದರದ ಸಂಖ್ಯೆಗಳನ್ನು ಒಂದು ಅಳತೆಯೊಳಗೆ ಇಡುವ ಲೇಯರ್ ನಾರ್ಮಲೈಸೇಶನ್ ಸೇರಿಸಿ, ಹಲವು ಆಟಗಳನ್ನು ಒಟ್ಟಿಗೆ ಓಡಿಸಿದರೆ ಟಾರ್ಗೆಟ್ ನೆಟ್‌ವರ್ಕೂ ಬೇಡ, ರೀಪ್ಲೇ ಬಫರೂ ಬೇಡ ಎಂದು ಮಾಟೆಯೊ ಗಲ್ಲಿಚಿ ಮತ್ತು ಸಂಗಡಿಗರ ಪಿಕ್ಯೂಎನ್ 2024ರಲ್ಲಿ ಪ್ರಯೋಗದಿಂದಲೂ ಗಣಿತದಿಂದಲೂ ವಾದಿಸಿತು. ಅದೇ ವರ್ಷ ಆಲ್ಬರ್ಟಾದ ಮತ್ತೊಂದು ತಂಡ, ಬಂದ ಅನುಭವವನ್ನು ಒಮ್ಮೆ ಬಳಸಿ ಬಿಟ್ಟುಬಿಡುವ ಕಲಿಕೆಯನ್ನೂ ದೊಡ್ಡ ನೆಟ್‌ವರ್ಕಿನಲ್ಲಿ ನಿಲ್ಲಿಸಿ ತೋರಿಸಿತು. ಬ್ರೇಕ್‌ಔಟ್‌ನ 316.8ಕ್ಕೂ 3.2ಕ್ಕೂ ನಡುವಿನ ಕಂದಕಕ್ಕೆ ಊರೆಗಳಿಲ್ಲದಿದ್ದದ್ದು ಕಾರಣವೋ, ಆ ಕಾಲದ ನೆಟ್‌ವರ್ಕಿನ ಕಟ್ಟಡವೇ ಕಾರಣವೋ ಎಂದು ಈಗ ಮರಳಿ ಕೇಳಬೇಕಾಗಿದೆ.

ಭಾಷಾ ಮಾದರಿಗಳ ಹೊಸ ಅಂಗಳ

2022ರ ಇನ್‌ಸ್ಟ್ರಕ್ಟ್‌ಜಿಪಿಟಿಯಿಂದ ಮುಂದೆ ಈ ವಾದ ಚಾಟ್‌ಬಾಟ್‌ಗಳ ತರಬೇತಿಗೆ ವರ್ಗವಾಯಿತು. ಮೊದಲು ಬಂದದ್ದು ಪಿಪಿಒ, ಜೊತೆಗೆ ಮೂಲ ಮಾದರಿಯಿಂದ ದೂರ ಹೋದರೆ ದಂಡ. ಡೀಪ್‌ಸೀಕ್ 2024ರಲ್ಲಿ ತಂದ ಜಿಆರ್‌ಪಿಒ ಬೆಲೆ ಕಟ್ಟುವ ನೆಟ್‌ವರ್ಕನ್ನೇ ಕೈಬಿಟ್ಟಿತು: ಒಂದು ಪ್ರಶ್ನೆಗೆ ಹಲವು ಉತ್ತರ ಬರೆಸಿ, ಗುಂಪಿನ ಸರಾಸರಿಗಿಂತ ಯಾವುದು ಮೇಲು ಎಂದು ನೋಡಿದರೆ ಸಾಕು. ಊಹೆಯಿಂದ ಊಹೆ ಕಲಿಯುವುದು ಇಲ್ಲಿ ಇಲ್ಲ, ಹಾಗಾಗಿ ತ್ರಿಕೂಟದ ಒಂದು ಕಾಲು ಮುರಿದಿದೆ. ಆದರೂ ಕುಸಿತ ಹೋಗಲಿಲ್ಲ, ವೇಷ ಬದಲಿಸಿತು. ಮಾದರಿ ಬೇಗನೆ ಒಂದೇ ಬಗೆಯ ಉತ್ತರಕ್ಕೆ ಅಂಟಿ ಹೊಸದನ್ನು ಹುಡುಕುವುದು ಬಿಡುತ್ತದೆ. 2025ರ ಡಾಪೊ ಎಂಬ ವಿಧಾನ ಇದಕ್ಕೆ ಪಿಪಿಒ ಕತ್ತರಿಯ ಮೇಲಿನ ಮಿತಿಯನ್ನು 0.28ಕ್ಕೆ ಏರಿಸಿ, ಕೆಳಗಿನದ್ದನ್ನು 0.2ರಲ್ಲೇ ಬಿಟ್ಟಿತು. ಕ್ವೆನ್ ತಂಡದ ಜಿಎಸ್‌ಪಿಒ, ಒಂದೊಂದು ಪದದ ತುಣುಕಿನ ಬದಲು ಇಡೀ ಉತ್ತರವನ್ನೇ ಘಟಕವಾಗಿ ತೂಗಿತು. ಅದೇ ವರ್ಷ ಇನ್ನೊಂದು ಅನಿರೀಕ್ಷಿತ ಕಾರಣ ಕಂಡುಬಂತು: ಉತ್ತರ ಬರೆಸುವ ಸಾಫ್ಟ್‌ವೇರೂ ಕಲಿಸುವ ಸಾಫ್ಟ್‌ವೇರೂ ದಶಮಾಂಶಗಳನ್ನು ಬೇರೆ ಬೇರೆ ರೀತಿ ದುಂಡಾಗಿಸುತ್ತವೆ. ಹಾಗಾಗಿ ತನ್ನದೇ ಉತ್ತರದಿಂದ ಕಲಿಯುತ್ತಿದೆ ಎಂದುಕೊಂಡ ಮಾದರಿ ತಿಳಿಯದೆ ಆಫ್-ಪಾಲಿಸಿ ಆಗಿರುತ್ತದೆ.

ಇತ್ಯರ್ಥವಾಗದ್ದು

ರೇಖೀಯ ಸೂತ್ರದ ಆಚೆಗೆ, ಈಗ ನಿಜವಾಗಿ ಬಳಕೆಯಲ್ಲಿರುವ ದೊಡ್ಡ ನೆಟ್‌ವರ್ಕ್‌ಗಳು ಯಾವಾಗ ನಿಲ್ಲುತ್ತವೆ, ಯಾವಾಗ ಬೀಳುತ್ತವೆ ಎಂದು ಮುಂಚಿತವಾಗಿ ಹೇಳುವ ಪ್ರಮೇಯ ಇಲ್ಲ. ಇರುವ ಪ್ರಮೇಯಗಳ ಷರತ್ತುಗಳಲ್ಲಿ ಒಂದಾದರೂ ಪ್ರಯೋಗಶಾಲೆಯಲ್ಲಿ ಮುರಿದೇ ಇರುತ್ತದೆ.

ಮಂಕಿನ ವಿಷಯದಲ್ಲಿ ಕಾರಣ ಯಾವುದು, ಲಕ್ಷಣ ಯಾವುದು ಎಂಬುದು ತೀರ್ಮಾನವಾಗಿಲ್ಲ. ನಿದ್ದೆಹೋದ ನ್ಯೂರಾನ್‌ಗಳು, ಹಿಗ್ಗಿದ ತೂಕಗಳು, ಬಡವಾದ ಒಳಚಿತ್ರಣ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಇವುಗಳಲ್ಲಿ ಯಾವ ಒಂದೂ ಎಲ್ಲ ಪ್ರಕರಣಗಳನ್ನು ವಿವರಿಸುವುದಿಲ್ಲ ಎಂದು ಲೈಲ್ ಮತ್ತು ಸಂಗಡಿಗರೇ 2023ರಲ್ಲಿ ತೋರಿಸಿದ್ದಾರೆ. ನೆಟ್‌ವರ್ಕನ್ನು ಅಳಿಸಿ ಮತ್ತೆ ಶುರು ಮಾಡುವ ಉಪಾಯ ಯಾಕೆ ಫಲಿಸುತ್ತದೆ ಎಂಬುದೂ ಇದರೊಂದಿಗೆ ತೂಗಾಡುತ್ತಿದೆ. ಲೇಯರ್ ನಾರ್ಮಲೈಸೇಶನ್ ತ್ರಿಕೂಟವನ್ನು ಮುರಿಯುತ್ತಿದೆಯೋ ಮಂಕನ್ನು ತಡೆಯುತ್ತಿದೆಯೋ ಎಂಬುದರಲ್ಲಿ ಒಂದನೆಯ ಪಂಥಕ್ಕೂ ನಾಲ್ಕನೆಯದಕ್ಕೂ ಒಮ್ಮತವಿಲ್ಲ. ಎರಡೂ ಇರಬಹುದು.

ಕುಸಿತದ ಮುನ್ಸೂಚನೆಯ ಪ್ರಶ್ನೆ ಇನ್ನೂ ಪ್ರಾಯೋಗಿಕವಾದದ್ದು. ಊಹೆಯ ಬೆಲೆ ಹಾರುವುದು, ಪಾಲಿಸಿಯ ವೈವಿಧ್ಯ ಕುಗ್ಗುವುದು, ಹೊಸದು ಹಳೆಯದರಿಂದ ದೂರವಾಗುವುದು, ಇವನ್ನೆಲ್ಲ ಎಂಜಿನಿಯರುಗಳು ಪರದೆಯ ಮೇಲೆ ಕಾಯುತ್ತ ಕೂರುತ್ತಾರೆ. ಯಾವ ಸೂಚಿ ಎಷ್ಟು ಮುಂಚೆ ಎಚ್ಚರಿಸುತ್ತದೆ, ಎಷ್ಟು ಸಲ ಸುಳ್ಳು ಹೇಳುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕವಿಲ್ಲ.

ಕೊನೆಯದು ಹಣದ ಪ್ರಶ್ನೆ. ಅಟಾರಿಯಲ್ಲಿ, ರೋಬಾಟ್ ಸಿಮ್ಯುಲೇಟರಿನಲ್ಲಿ ಹತ್ತು ಸೀಡ್ ಓಡಿಸಿ ನೋಡಿ ಎಂದು ಮೂರನೆಯ ಪಂಥ ಹೇಳಿದ್ದನ್ನು ಜನ ಬಹುಮಟ್ಟಿಗೆ ಒಪ್ಪಿಕೊಂಡರು. ನೂರಾರು ಜಿಪಿಯುಗಳು ವಾರಗಟ್ಟಲೆ ಓಡಬೇಕಾದ ಭಾಷಾ ಮಾದರಿಯ ತರಬೇತಿಯಲ್ಲಿ ಎರಡನೆಯ ಸೀಡ್ ಕೂಡ ದುಬಾರಿ. ಜಿಆರ್‌ಪಿಒಗಿಂತ ಜಿಎಸ್‌ಪಿಒ ಸ್ಥಿರ, ಅದಕ್ಕಿಂತ ಮುಂದೆ ಬರುವುದು ಇನ್ನೂ ಸ್ಥಿರ ಎಂಬ ಮಾತುಗಳು ಈಗ ಬಹುಪಾಲು ಒಂದೆರಡು ಓಟಗಳ ಗ್ರಾಫಿನ ಮೇಲೆ ನಿಂತಿವೆ. ಚಿಕ್ಕ ಮಾದರಿಯಲ್ಲಿ ಹತ್ತು ಸಲ ಕಂಡದ್ದು ದೊಡ್ಡದರಲ್ಲಿ ಒಂದು ಸಲ ಆಗುವುದಕ್ಕೆ ಎಷ್ಟು ಸಾಕ್ಷಿ ಎಂದು ಅಳೆಯುವ ಒಪ್ಪಿತ ವಿಧಾನ ಇನ್ನೂ ರೂಪುಗೊಂಡಿಲ್ಲ.